ಹಾರ್ನ್ ಬಲ್ಬಿನಲ್ಲಿ ಹೃದಯ ಮಾಡಿದ್ದು: ನನ್ನ ಅನುಭವ

ಹತ್ತನೇ ಕ್ಲಾಸಿಗೆ ಜೀವಕ್ರಿಯೆಗಳ ಪಾಠ ಮಾಡುವವರಿಗೆಲ್ಲ ಗೊತ್ತು. ರಕ್ತ ಪರಿಚಲನೆ ತೋರಿಸಲು ನಮ್ಮ ಹತ್ತಿರ ಇರುವುದು ಒಂದು ಚಾರ್ಟು, ಒಂದು ಪ್ಲಾಸ್ಟಿಕ್ ಹೃದಯ. ಎರಡೂ ಅಲ್ಲಾಡುವುದಿಲ್ಲ. ಕೈಯಲ್ಲಿ ಹಿಂಡಿದರೆ ಬಡಿಯುವ, ನಿಜವಾಗಿ ನೀರು ಸುತ್ತಿಸುವ ಹೃದಯ ಮಾಡುತ್ತೇನೆ ಅಂತ ತಾಲೂಕಿನ ಸಭೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. "ಮೋಟಾರ್ ಇಲ್ಲದೆ ಆಗಲ್ಲ ಮೇಷ್ಟ್ರೇ, ಸುಮ್ನೆ ದುಡ್ಡು ದಂಡ" ಅಂದರು. ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟನ್ನು ನಂಬಿಕೊಂಡು ಪಾಠ ಮಾಡುವ ಹಾಗಿಲ್ಲ. ಹಾಗಾಗಿ ಮೋಟಾರ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಈಗ ಹೃದಯ ಬಡಿಯುತ್ತಿದೆ. ಅವತ್ತು ಬೇಡ ಅಂದವರೇ ಮಕ್ಕಳನ್ನು ಕರೆದುಕೊಂಡು ಬಂದು ನೋಡಿ ಹೋಗಿದ್ದಾರೆ.

ಮೊದಲು ಪಂಪಿನ ವಿಷಯ. ದನದ ಡಾಕ್ಟರ್ ಬಳಸುವ ದೊಡ್ಡ ಸಿರಿಂಜಿನಿಂದ ಶುರು ಮಾಡಿದೆ. ಒತ್ತಿದರೆ ನೀರು ಹೋಗುತ್ತದೆ, ಆದರೆ ತುಂಬಲು ಪ್ರತಿ ಸಲ ಎಳೆಯಬೇಕು. ಹೃದಯವನ್ನು ಯಾರೂ ಹೊರಗಿನಿಂದ ಎಳೆಯುವುದಿಲ್ಲ. ಹಿಂಡುವುದು ಮುಗಿದ ಮೇಲೆ ಅದು ಸಡಿಲವಾಗುತ್ತದೆ, ರಕ್ತ ತಾನೇ ಒಳಗೆ ಬರುತ್ತದೆ. ಆಮೇಲೆ ಬಿ.ಪಿ. ನೋಡುವ ಬಲ್ಬ್ ತಂದೆ. ಅದು ತೀರಾ ಸಣ್ಣದು. ಕೊನೆಗೆ ಶಿವಮೊಗ್ಗದಲ್ಲಿ ಹಳೇ ಆಟೋದ ಪೋಂ ಪೋಂ ಹಾರ್ನಿನ ರಬ್ಬರ್ ಬಲ್ಬ್ ಸಿಕ್ಕಿತು. ಜೋಡಿಗೆ ಇನ್ನೂರರ ಹತ್ತಿರ ಕೊಟ್ಟ ನೆನಪು. ಒಂದು ಸಲ ಹಿಂಡಿದರೆ ಐವತ್ತು, ಅರವತ್ತು ಎಂ.ಎಲ್. ಹೊರಗೆ ಬರುತ್ತದೆ. ನಮ್ಮ ಹೃದಯದ್ದು ಸುಮಾರು 70 ಎಂ.ಎಲ್. ಅಲ್ವಾ, ಹತ್ತಿರವೇ ಆಯಿತು.

ಈ ಬಲ್ಬಿಗೆ ಇರುವುದು ಒಂದೇ ಬಾಯಿ. ಅದಕ್ಕೆ ಟಿ ಜಾಯಿಂಟ್ ಹಾಕಿದೆ. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಇದು ಅನುಕೂಲಕ್ಕೆ ಮಾಡಿದ್ದಾದರೂ ಹೃದಯದ ಕೆಳಗಿನ ಕೋಣೆಯಾದ ಹೃತ್ಕುಕ್ಷಿಯೂ ಹೀಗೇ ಇದೆ. ಒಳಬರುವ ಕವಾಟ (ವಾಲ್ವ್), ಹೊರಹೋಗುವ ಕವಾಟ ಎರಡೂ ಮೇಲಿನ ತುದಿಯಲ್ಲೇ, ಅಕ್ಕಪಕ್ಕ. ಅದಕ್ಕೇ ಬಲ್ಬನ್ನು ಬುಡದಿಂದ ಮೇಲಕ್ಕೆ ಹಿಂಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ನಡುವೆ ಹಿಂಡಿದರೆ ಬುಡದ ನೀರು ಅಲ್ಲೇ ಉಳಿಯುತ್ತದೆ.

ಜಾಸ್ತಿ ದುಡ್ಡು ತಿಂದಿದ್ದು ಕವಾಟಗಳು. ಪ್ಲಂಬಿಂಗ್ ಅಂಗಡಿಯ ಹಿತ್ತಾಳೆ ಎನ್.ಆರ್.ವಿ. (ನೀರನ್ನು ಒಂದೇ ಕಡೆಗೆ ಬಿಡುವ ಕವಾಟ) ನಾಲ್ಕು ತಂದೆ, ಸಾವಿರದ ಮೇಲೆ ಹೋಯಿತು. ಒಳಗಿನ ಸ್ಪ್ರಿಂಗ್ ಎಷ್ಟು ಬಿಗಿ ಅಂದರೆ ಒಳಬರುವ ಕಡೆ ಅದು ತೆರೆಯಲೇ ಇಲ್ಲ, ಬಲ್ಬ್ ಚಪ್ಪಟೆಯಾಗಿಯೇ ಉಳಿಯಿತು. ಅಕ್ವೇರಿಯಂನ ಪುಟ್ಟ ಕವಾಟಗಳು ಗಾಳಿಗೆ ಸರಿ, ನೀರಿಗೆ ಸೋರುತ್ತವೆ. ಕೈಗವಸಿನ ಬೆರಳು ಕತ್ತರಿಸಿ, ತುದಿ ಸೀಳಿ, ಪೈಪಿನ ಬಾಯಿಗೆ ತೊಡಿಸಿದ ಮೇಲೆ ದಾರಿ ಸಿಕ್ಕಿತು. ಮುಂದಿನಿಂದ ನೀರು ಬಂದರೆ ತೆರೆಯುತ್ತದೆ, ಹಿಂದಕ್ಕೆ ತಳ್ಳಿದರೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಜೋರಾಗಿ ಹಿಂಡಿದ ಕೂಡಲೇ ಆ ಬೆರಳು ಒಳಮಗುಚಿ ಪೈಪಿನೊಳಗೆ ಹೋಗಿಬಿಡುತ್ತಿತ್ತು. ಆಗ ಅದರ ತುದಿಗೆ ಎರಡು ದಾರ ಕಟ್ಟಿ, ಇನ್ನೊಂದು ತುದಿಯನ್ನು ಟಿ ಜಾಯಿಂಟಿನ ಒಳಗೋಡೆಗೆ ಬಿಗಿದೆ. ನಿಂತಿತು!

ನಿಜವಾದ ಹೃದಯದಲ್ಲೂ ಹೃತ್ಕರ್ಣ (ಮೇಲಿನ ಕೋಣೆ), ಹೃತ್ಕುಕ್ಷಿಗಳ ನಡುವಿನ ಕವಾಟಕ್ಕೆ ಇಂಥದೇ ಬಿಳೀ ದಾರಗಳಿವೆ. ನೋಡಲೇಬೇಕು ಅನ್ನಿಸಿ ಮಟನ್ ಅಂಗಡಿಯಿಂದ ಕುರಿ ಗುಂಡಿಗೆ ತಂದೆ. ಇಷ್ಟ ಇದ್ದ ಮಕ್ಕಳು ಮಾತ್ರ ಬಂದರು, ಶಾಲೆಯ ಹಿಂದಿನ ಜಗಲಿಯಲ್ಲಿ ಕೊಯ್ದೆವು. ಎಡಗಡೆಯ ಗೋಡೆ ಬಲಗಡೆಯದಕ್ಕಿಂತ ಮೂರು ಪಟ್ಟು ದಪ್ಪ. ದಾರಗಳನ್ನು ಚಿಮುಟದಲ್ಲಿ ಹಿಡಿದು ಎಳೆದರೂ ಹರಿಯಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಾಯಿಗೆ ಚೊಂಬಿನಿಂದ ನೀರು ಹೊಯ್ದರೆ ಮೂರು ಬಟ್ಟಲುಗಳ ಹಾಗೆ ಕವಾಟ ತುಂಬಿಕೊಂಡು ಒಂದಕ್ಕೊಂದು ಒರಗಿ ಮುಚ್ಚಿತು. ನೀರು ಮೇಲೇ ನಿಂತಿತು. ಅಲ್ಲಿ ದಾರವೇ ಇಲ್ಲ. ನನ್ನ ಮಾದರಿಯಲ್ಲೂ ಹೊರಹೋಗುವ ಬಾಯಿಗೆ ದಾರ ಇಲ್ಲ, ಬೇರೆ ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಡ, ಬಲ ಹೃತ್ಕುಕ್ಷಿಗಳಿಗೆ ಎರಡು ಬಲ್ಬ್, ಹೃತ್ಕರ್ಣಗಳ ಜಾಗದಲ್ಲಿ ಎರಡು ಬಾಟಲಿ, ಶ್ವಾಸಕೋಶಕ್ಕೆ ಸುರುಳಿ ಪೈಪು, ಕೂದಲೆಳೆಯಂಥ ರಕ್ತನಾಳಗಳಾದ ಲೋಮನಾಳಗಳಿಗೆ ತೋಟದ ಡ್ರಿಪ್ ನೀರಾವರಿಯ ಮೈಕ್ರೋ ಟ್ಯೂಬಿನ ಕಟ್ಟು. ಸ್ಪಂಜು ಹಾಕಬೇಡಿ, ಕಸ ಕಟ್ಟಿಕೊಳ್ಳುತ್ತದೆ. ಎಲ್ಲ ಜೋಡಿಸಿ ಹಿಂಡಿದರೆ ನೀರು ಸುತ್ತಿತು, ಆದರೆ ಕುಪ್ಪಳಿಸಿಕೊಂಡು. ಹಿಂಡಿದಾಗ ಚಿಮ್ಮುವುದು, ಬಿಟ್ಟಾಗ ಪೂರ್ತಿ ನಿಲ್ಲುವುದು. ಗೋಡೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪನ್ನು ಎಡ ಬಲ್ಬಿನ ಮುಂದಿನ ಪೈಪಿಗೆ ಜೋಡಿಸಿ ಗೋಡೆಗೆ ನಿಲ್ಲಿಸಿದ್ದೆ. ನೀರು ಅದರಲ್ಲಿ ಐದಡಿ ಏರಿ, ಮರುಕ್ಷಣ ಬುಡಕ್ಕೆ ಬೀಳುತ್ತಿತ್ತು. ನಮ್ಮ ಬಿ.ಪಿ. 120/80 (ಪಾದರಸದ ಮಿ.ಮೀ.) ಅನ್ನು ನೀರಿಗೆ ಲೆಕ್ಕ ಹಾಕಿದರೆ ಮೇಲೆ ಐದೂಕಾಲು ಅಡಿ, ಕೆಳಗೆ ಮೂರೂವರೆ ಅಡಿ ಆಗುತ್ತದೆ. ಸೊನ್ನೆಗೆ ಬೀಳುವ ಮಾತೇ ಇಲ್ಲ.

ಉತ್ತರ ಸಿಕ್ಕಿದ್ದು ತೋಟದಲ್ಲಿ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಕೈಪಂಪು ನೋಡಿದ್ದೀರಲ್ಲ. ಸನ್ನೆಯನ್ನು ಹಿಂದೆ ಮುಂದೆ ಎಳೆಯುವುದು ಬಿಟ್ಟು ಬಿಟ್ಟು, ಔಷಧಿ ಬರುವುದು ಮಾತ್ರ ಒಂದೇ ಸಮ. ಅದರಲ್ಲಿರುವ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡು, ಎರಡು ಎಳೆತದ ನಡುವೆ ಅದೇ ನೀರನ್ನು ತಳ್ಳುತ್ತದೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಲ್ಲಿ ಗಾಳಿ ಇಲ್ಲ, ಅದರ ಗೋಡೆಯೇ ಹಿಗ್ಗಿ ಕುಗ್ಗಿ ಆ ಕೆಲಸ ಮಾಡುತ್ತದೆ. ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಬೆಂಕಿ ಆರಿಸುವ ಪಂಪಿನ ಗಾಳಿ ಕೋಣೆ ನೋಡಿ ಇದನ್ನೇ ಹೇಳಿದ್ದ. ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗಿಂತ ಮೇಲೇರಿದ್ದನ್ನು 1733ರಲ್ಲಿ ಪ್ರಕಟಿಸಿದವನೂ ಅವನೇ.

ಪಿ.ವಿ.ಸಿ. ಪೈಪು ತೆಗೆದು ಸೈಕಲ್ ಟ್ಯೂಬ್ ಹಾಕಿದೆ. ಅದು ಒಂದೇ ಕಡೆ ಉಬ್ಬಿ ದೊಡ್ಡದಾಗುತ್ತಾ ಹೋಯಿತು. ಮನುಷ್ಯರ ಮಹಾಪಧಮನಿಯಲ್ಲೂ ಗೋಡೆ ಸೋತ ಕಡೆ ಹೀಗೆ ಉಬ್ಬುವುದುಂಟು, ಒಡೆದರೆ ಪ್ರಾಣಕ್ಕೇ ಅಪಾಯ. ಹಳೇ ಬನಿಯನ್ ಬಟ್ಟೆಯನ್ನು ಟ್ಯೂಬಿನ ಮೇಲೆ ಸುತ್ತಿ ಹೊಲಿದೆ. ಬನಿಯನ್ ಸ್ವಲ್ಪ ಹಿಗ್ಗುತ್ತದೆ, ಆಮೇಲೆ ತಡೆಯುತ್ತದೆ. ಅಷ್ಟೇ ಬೇಕಿತ್ತು. ಈಗ ಲೆವೆಲ್ ಪೈಪಿನಲ್ಲಿ ನೀರು ನಾಲ್ಕೂವರೆ ಅಡಿವರೆಗೆ ಏರುತ್ತದೆ, ಮೂರರ ಆಸುಪಾಸಿಗೆ ಇಳಿದು ಮತ್ತೆ ಏರುತ್ತದೆ. ಮೈಕ್ರೋ ಟ್ಯೂಬುಗಳಲ್ಲಿ ನೀರು ನಿಲ್ಲುವುದೇ ಇಲ್ಲ. ಬನಿಯನ್ ಮೇಲೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಪಿ.ವಿ.ಸಿ. ಪೈಪಿನ ಮೇಲೆ ಎಷ್ಟು ಒತ್ತಿ ಹಿಡಿದರೂ ಅದು ಸಿಕ್ಕಿರಲಿಲ್ಲ. ಒಂದು ಗಾಳಿಗುಳ್ಳೆ ಬಿಟ್ಟು ನೋಡಿ. ದೊಡ್ಡ ಪೈಪಿನಲ್ಲಿ ಓಡಿ ಬಂದದ್ದು ಟ್ಯೂಬುಗಳ ಕಟ್ಟಿನಲ್ಲಿ ತೆವಳುತ್ತದೆ. ದಾರಿ ಹತ್ತಾರು ಕವಲಾದ ಮೇಲೆ ಒಟ್ಟು ಅಗಲ ಜಾಸ್ತಿ, ವೇಗ ಕಮ್ಮಿ.

ಬಣ್ಣಕ್ಕೂ ಕಷ್ಟಪಟ್ಟಿದ್ದೇನೆ. ಕುಂಕುಮ ತಳಕ್ಕೆ ಕೂರುತ್ತದೆ, ಬೀಟ್‌ರೂಟ್ ನೀರು ಎರಡು ದಿನಕ್ಕೆ ನಾರುತ್ತದೆ. ಓಕುಳಿ ಹಾಕಿ ಒಂದು ಪ್ರಯೋಗ ಮಾಡಿದೆ. ದೇಹದ ಕಡೆ ನಿಂಬೆರಸ ಬಿಟ್ಟರೆ ಹಳದಿ, ಶ್ವಾಸಕೋಶದ ಕಡೆ ಸುಣ್ಣದ ತಿಳಿ ಬಿಟ್ಟರೆ ಮತ್ತೆ ಕೆಂಪು. ಮಕ್ಕಳು ಕುಣಿದಾಡಿದರು. ಆದರೆ ಸುಣ್ಣ ಕವಾಟಕ್ಕೆ ಅಂಟಿತು, ಬಿಟ್ಟುಬಿಟ್ಟೆ. ಈಗ ಅಂಗಡಿಯ ಕೆಂಪು ಬಣ್ಣ ಒಂದೇ. ನೀಲಿ ಬೇಡವೇ ಬೇಡ. ಆಮ್ಲಜನಕ ಕಡಿಮೆಯಾದ, ನಾವು ಅಶುದ್ಧ ಅನ್ನುವ ರಕ್ತವೂ ಕೆಂಪೇ, ಸ್ವಲ್ಪ ಕಪ್ಪುಗೆಂಪು ಅಷ್ಟೇ. ಚಾರ್ಟಿನ ನೀಲಿ ನೋಡಿ ಮಕ್ಕಳು ಬೇರೆಯೇ ತಿಳಿದುಕೊಂಡಿರುತ್ತಾರೆ.

ಹೃದಯಕ್ಕೆ ರಕ್ತ ಮರಳಿ ತರುವ ಅಭಿಧಮನಿಯ ಕವಾಟ ತೋರಿಸಲು ಮಾದರಿಯೇ ಬೇಕಿಲ್ಲ. ಅಡಿಕೆ ಕೊನೆ ತೆಗೆಯುವ ಒಬ್ಬರನ್ನು ಕರೆಸಿದೆ. ಮರ ಹತ್ತಿ ಹತ್ತಿ ಅವರ ಮುಂಗೈ ನರಗಳು, ಅಂದರೆ ಅಭಿಧಮನಿಗಳು, ಹಗ್ಗದಂತೆ ಎದ್ದಿದ್ದವು. ತೋಳಿಗೆ ಬಟ್ಟೆ ಕಟ್ಟಿ, ಒಂದು ಬೆರಳಿನಿಂದ ನರ ಒತ್ತಿ ಹಿಡಿದು, ಇನ್ನೊಂದರಿಂದ ಭುಜದ ಕಡೆಗೆ ಸವರಿದೆ. ಖಾಲಿಯಾದ ತುಂಡು ಮೇಲಿನಿಂದ ತುಂಬಲಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿದ್ದು ಇದನ್ನೇ.

ಎರಡೂ ಬಲ್ಬ್ ಒಟ್ಟಿಗೆ ಹಿಂಡಬೇಕು. ಎಡದವನು ಸುಸ್ತಾಗಿ ನಿಧಾನ ಮಾಡಿದರೆ ಶ್ವಾಸಕೋಶದ ಕಡೆಯ ಬಾಟಲಿ ತುಂಬಿ ಮೇಲೆ ಬರುತ್ತದೆ. ಎಡ ಹೃದಯ ಸೋತವರಿಗೆ ಮಲಗಿದರೆ ಉಸಿರು ಕಟ್ಟುವುದು ಯಾಕೆ ಅಂತ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಆ ಬಾಟಲಿ ತೋರಿಸಿಯೇ ವಿವರಿಸಿದಳು. ನಿಮಿಷಕ್ಕೆ 70 ಸಲ ಹಿಂಡಲು ಹೇಳಿ. ಗಟ್ಟಿ ಹುಡುಗರೂ ಮೂರು ನಿಮಿಷಕ್ಕೆ ಕೈ ಬಿಡುತ್ತಾರೆ. ಹೃದಯ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ ಅಂತ ಆಗ ಹೇಳಿದರೆ ಕೇಳುತ್ತಾರೆ.

ಖರ್ಚು: ಹಾಳಾದದ್ದು ಎರಡೂವರೆ ಸಾವಿರ ಇರಬಹುದು. ಈಗ ನಿಂತಿರುವ ಮಾದರಿಗೆ ಬಿದ್ದದ್ದು ಸಾವಿರದ ಇನ್ನೂರರ ಒಳಗೆ. ಮೋಟಾರ್ ಮಾದರಿಗೆ ಅಂಗಡಿಯವರು ಹತ್ತು ಸಾವಿರದ ಹತ್ತಿರ ಹೇಳಿದ್ದರು. ಮಳೆಗಾಲದಲ್ಲಿ ಕೈಗವಸಿನ ರಬ್ಬರ್ ಅಂಟು ಅಂಟಾಗುತ್ತದೆ. ನೀರು ಬಸಿದು, ಒಣಗಿಸಿ, ಪೌಡರ್ ಹಾಕಿಡಿ. ಮಾಡುವವರು ಮೊದಲು ಎಡಗಡೆಯದನ್ನು ಒಂದನ್ನೇ ಮಾಡಿ, ಲೆವೆಲ್ ಪೈಪಿನಲ್ಲಿ ನೀರು ಮೂರಡಿಗಿಂತ ಕೆಳಗೆ ಇಳಿಯದ ಹಾಗೆ ಆದ ಮೇಲೆ ಬಲಗಡೆಗೆ ಕೈ ಹಾಕಿ. ಬಲಗಡೆಗೆ ಒಂದಡಿ ಏರಿದರೂ ಸಾಕು.