ಎಂಡೆವರ್ ಹಡಗಿನೊಳಗೆ ಬೆನ್ನು ಬಗ್ಗಿಸಿ

ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ನ ಸಾಗರ ವಸ್ತುಸಂಗ್ರಹಾಲಯದ ಎದುರು ನಿಂತಿರುವ ‘ಎಂಡೆವರ್’, ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1768ರಿಂದ 1771ರವರೆಗೆ ಭೂಮಿಯನ್ನು ಸುತ್ತಿದ ಹಾಯಿಹಡಗಿನ ಪ್ರತಿಕೃತಿ. ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಕಟ್ಟಿದ ಇದನ್ನು 1993ರಲ್ಲಿ ನೀರಿಗಿಳಿಸಲಾಯಿತು. ನೋಡಲು ಹೋದಾಗ ನಾನು ಒಂದು ಕ್ರಮವನ್ನು ಇಟ್ಟುಕೊಂಡೆ: ಇಲ್ಲಿ ಮಲಗುತ್ತಿದ್ದವರು ಯಾರು, ಅವರ ತಲೆಯ ಮೇಲೆ ಎಷ್ಟು ಜಾಗವಿತ್ತು ಎಂಬುದನ್ನು ಮೊದಲು ಗಮನಿಸುವುದು, ಫಲಕಗಳನ್ನು ಆಮೇಲೆ ಓದುವುದು.

ಕೆಳಗಿನ ಡೆಕ್‌ಗೆ ಏಣಿಯತ್ತ ಮುಖ ಮಾಡಿಯೇ ಇಳಿಯಬೇಕು. ಅಲ್ಲಿ ನಾವಿಕರ ಊಟದ ಮೇಜುಗಳು, ಹಡಗು ಓಲಾಡಿದರೂ ಜಾರದಂತೆ, ಹಗ್ಗಗಳಲ್ಲಿ ತೂಗುತ್ತವೆ. ರಾತ್ರಿ ಅದೇ ತೊಲೆಗಳಿಗೆ ತೂಗುಹಾಸಿಗೆ ಕಟ್ಟುತ್ತಿದ್ದರು. ಒಬ್ಬನ ಪಾಲಿಗೆ 14 ಅಂಗುಲ ಅಗಲ. ಗೇಣು ಹಾಕಿ ನೋಡಿದೆ, ಎರಡು ಗೇಣೂ ತುಂಬಲಿಲ್ಲ. ನನ್ನ ಭುಜಗಳೇ ಅದಕ್ಕಿಂತ ಅಗಲ. ಇದರ ಜೊತೆಗೆ ಡಾಂಬರು, ಒದ್ದೆ ಉಣ್ಣೆ, ಉಪ್ಪು ಹಾಕಿದ ಮಾಂಸ ಇವುಗಳ ವಾಸನೆಯನ್ನು ನಾವೇ ಕಲ್ಪಿಸಿಕೊಳ್ಳಬೇಕು, ಏಕೆಂದರೆ ಪ್ರತಿಕೃತಿ ತೀರಾ ಶುಭ್ರವಾಗಿದೆ. ಸುಮಾರು 94 ಜನರಿಗೆ ಬೇಯಿಸುತ್ತಿದ್ದ ಕಬ್ಬಿಣದ ಒಲೆಯೂ ಇದೇ ಡೆಕ್‌ನಲ್ಲಿದೆ. ಅಡುಗೆಯವನಾಗಿದ್ದ ಜಾನ್ ಥಾಂಪ್ಸನ್‌ಗೆ ಒಂದೇ ಕೈ ಇತ್ತು. ದೀರ್ಘ ಸಮುದ್ರಯಾನದಲ್ಲಿ ಕಾಡುವ ಸ್ಕರ್ವಿ ರೋಗ ತಡೆಯಲೆಂದು ಕೊಡುತ್ತಿದ್ದ, ಹುಳಿ ಬರಿಸಿದ ಎಲೆಕೋಸನ್ನು ನಾವಿಕರು ಮೊದಲು ಮುಟ್ಟಲಿಲ್ಲವಂತೆ. ಕುಕ್ ಬಲವಂತ ಮಾಡದೆ ಅಧಿಕಾರಿಗಳ ಮೇಜಿಗೆ ದಿನವೂ ಅದನ್ನು ಬಡಿಸಿದ ಮೇಲೆ ಅವರೇ ಕೇಳತೊಡಗಿದರು. ದೊಡ್ಡವರ ತಟ್ಟೆಯತ್ತ ಕಣ್ಣು ಹಾಯಿಸುವುದು ಎಲ್ಲ ಕಾಲದಲ್ಲೂ ಇದ್ದದ್ದೇ!

ಹಿಂಬದಿಗೆ ಹೋದಂತೆ ಸೂರು ಇನ್ನೂ ತಗ್ಗುತ್ತದೆ, ನಡು ಬಗ್ಗಿಸದೆ ನಡೆಯಲಾಗದು. ಆಶ್ಚರ್ಯವೆಂದರೆ ಇಲ್ಲಿರುವವು ಅಧಿಕಾರಿಗಳ ಕೋಣೆಗಳು. ಸಿರಿವಂತ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತನ್ನ ಪರಿವಾರದೊಂದಿಗೆ ಹಡಗು ಹತ್ತಿದ್ದರಿಂದ ಮೇಲಿನ ಕೋಣೆಗಳು ಅವರ ಪಾಲಾದವು. ಬೆಳಕು ತುಂಬಿದ ದೊಡ್ಡ ಕೋಣೆಯನ್ನು ಕುಕ್ ಕೂಡ ಅವನೊಂದಿಗೆ ಹಂಚಿಕೊಳ್ಳಬೇಕಾಯಿತು. ಎಲ್ಲರೂ ಚಿತ್ರ ತೆಗೆಯುವುದು ಆ ಕೋಣೆಯಲ್ಲೇ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ. ತಳದಲ್ಲಿರುವ ಎಂಜಿನ್ ಮತ್ತು ಸ್ನಾನಗೃಹಗಳು ಈ ಕಾಲದವು. ಅವನ್ನು ಕೊನೆಗೆ ನೋಡುವುದು ಒಳ್ಳೆಯದು, ಇಲ್ಲದಿದ್ದರೆ ಕಲ್ಪನೆ ಕದಡುತ್ತದೆ.

ನಾನು ಬಹಳ ಹೊತ್ತು ಕಳೆದದ್ದು ಹಡಗಿನೊಳಗೆ ಸೇರಿದ ನೀರನ್ನು ಹೊರಹಾಕುವ ಪಂಪುಗಳ ಬಳಿ. 1770ರ ಜೂನ್ 11ರ ರಾತ್ರಿ ಹಡಗು ಹವಳದ ದಿಬ್ಬಕ್ಕೆ ಬಡಿದಾಗ ಭಾರ ತಗ್ಗಿಸಲು ಆರು ಫಿರಂಗಿಗಳನ್ನು ಸಮುದ್ರಕ್ಕೆ ಎಸೆದು, ಕುಕ್ ಮತ್ತು ಬ್ಯಾಂಕ್ಸ್ ಸಹಿತ ಎಲ್ಲರೂ ಸರದಿಯ ಮೇಲೆ ಪಂಪು ಒತ್ತಿದರು. ಬಳಿಕ ನಾರು, ಉಣ್ಣೆ ಹೊಲಿದ ಹಾಯಿಯೊಂದನ್ನು ಹೊರಗಿನಿಂದ ಎಳೆದು ತೂತನ್ನು ಮುಚ್ಚಿದರು. ನದೀಮುಖದಲ್ಲಿ ಹಡಗನ್ನು ದಡಕ್ಕೆಳೆದು ನೋಡಿದಾಗ, ಮುರಿದ ಹವಳದ ತುಂಡೊಂದು ಅದೇ ತೂತಿನಲ್ಲಿ ಸಿಕ್ಕಿಕೊಂಡು ನೀರನ್ನು ತಡೆದಿತ್ತು.