ಬೌದ್ಧಿಕ ವಿಕಲತೆ ಇರೋ ಮಗ, ಮಗಳ ಬದುಕು ಚೆನ್ನಾಗಿರೋಕೆ ಮನೆಯವರು ಏನ್ ಮಾಡಬಹುದು

ಐಕ್ಯೂ, ಅಂದ್ರೆ ಬುದ್ಧಿಮಟ್ಟ ಅಳೆಯೋ ಟೆಸ್ಟಿನ ರಿಪೋರ್ಟಲ್ಲಿ ಒಂದೇ ಮಟ್ಟ ಅಂತ ಬರೆಸ್ಕೊಂಡು ಬಂದ ಇಬ್ಬರನ್ನ ಇಪ್ಪತ್ತು ವರ್ಷ ಆದ್ಮೇಲೆ ನೋಡಿದ್ರೆ ಒಬ್ಬ ಅಂಗಡಿಗೆ ಹೋಗಿ ಹಾಲು ತರ್ತಿರ್ತಾನೆ, ಊರವರೆಲ್ಲ ಅವನನ್ನ ಹೆಸರು ಹಿಡಿದು ಮಾತಾಡಿಸ್ತಾರೆ, ಇನ್ನೊಬ್ಬನಿಗೆ ಅಮ್ಮ ಇನ್ನೂ ತುತ್ತು ಮಾಡಿ ಬಾಯಿಗಿಡ್ತಿರ್ತಾರೆ. ಎರಡನೇ ಮನೇಲಿ ಪ್ರೀತಿ ಕಮ್ಮಿ ಅಂತ ಅಲ್ವೇ ಅಲ್ಲ, "ಪಾಪ ಅದಕ್ಕೇನ್ ಗೊತ್ತಾಗುತ್ತೆ" ಅಂತ ಪ್ರೀತಿಯಿಂದಾನೇ ಎಲ್ಲಾನೂ ಮಾಡಿಕೊಟ್ಟು ಮಾಡಿಕೊಟ್ಟು ಅವನಿಗೆ ಅಂತ ಏನೂ ಉಳಿದಿರಲ್ಲ. ಥೆರಪಿ ವಾರಕ್ಕೆ ಒಂದೆರಡು ಗಂಟೆ, ಮಿಕ್ಕಿದ್ದೆಲ್ಲಾ ಮನೇಲೇ ಅಲ್ವಾ, ಅದಕ್ಕೇ ಮನೆಯವರಿಗೇ ಇದನ್ನ ಬರೀತಿರೋದು.

ದಿನದ ಕೆಲಸದಿಂದ ಶುರು ಮಾಡಿ. ಶರ್ಟ್ ಹಾಕ್ಕೊಳ್ಳೋದು ಅಂತಿಟ್ಕೊಳ್ಳಿ, ಕೊನೇ ಗುಂಡಿ ಬಿಟ್ಟು ಉಳಿದಿದ್ದೆಲ್ಲ ನೀವು ಹಾಕಿ, ಕೊನೇದನ್ನ ಅರ್ಧ ತೂರಿಸಿ ಕೈಬಿಡಿ, ಅವನು ಬೆರಳಲ್ಲಿ ಹಿಡಿದು ಎಳೆದ್ರೆ ಸಾಕು ಕೆಲಸ ಮುಗೀತು, "ನೀನೇ ಹಾಕ್ಕೊಂಡ್ಯಲ್ಲ" ಅನ್ನಿ. ಅದು ಕೈಗೆ ಕೂತ್ಮೇಲೆ ಕೊನೇ ಗುಂಡಿ ಪೂರ್ತಿ ಅವನದ್ದು, ಆಮೇಲೆ ಕೊನೇ ಎರಡು, ಹೀಗೇ ಮೇಲಕ್ಕೆ. ಇಂಥ ಮಕ್ಕಳಿಗೆ ಕಲಿಸೋ ಸ್ಪೆಷಲ್ ಎಜುಕೇಟರ್‌ಗಳು ಇದನ್ನ ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ, ಪ್ರತಿ ಸಲಾನೂ ಮುಗಿಸಿದ ಖುಷಿ ಅವನಿಗೇ ಸಿಗುತ್ತೆ ಅನ್ನೋದೇ ಇದರ ಗುಟ್ಟು. ಚಪ್ಪಲಿ ಹಾಕೋದು, ಹಾಸಿಗೆ ಮಡಿಸೋದು, ಚಹಾ ಮಾಡೋದು ಎಲ್ಲಕ್ಕೂ ಇದೇ ದಾರಿ. ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿರೋವಾಗ ಮಾತ್ರ ಹೇಳಿಕೊಡಕ್ಕೆ ಹೋಗ್ಬೇಡಿ, ಬಿಡುವಿರೋ ಹೊತ್ತಲ್ಲಿ ಮಾಡಿ.

ಆಮೇಲೆ ಆಯ್ಕೆ, ನನ್ ಪ್ರಕಾರ ಇದು ಎಲ್ಲಕ್ಕಿಂತ ದೊಡ್ಡದು. ಹೋಟೆಲಲ್ಲಿ ಸಪ್ಲೈಯರ್ ಬಂದು ನಿಮ್ಮನ್ನ ನೋಡ್ಕೊಂಡು "ಅವರಿಗೇನು ಕೊಡ್ಲಿ" ಅಂತಾನೆ, ಆಗ ನೀವು ಹೇಳ್ಬೇಡಿ, ಮಗಳ ಕಡೆ ತಿರುಗಿ "ಇಡ್ಲಿನಾ ದೋಸೇನಾ" ಅಂತ ಎರಡೇ ಎರಡು ಕೇಳಿ ಸುಮ್ನಿರಿ. ಮಾತು ಬರದಿದ್ರೆ ಪಕ್ಕದ ಟೇಬಲ್ ಕಡೆ ಬೆರಳು ತೋರಿಸ್ತಾಳೆ, ಅದೂ ಉತ್ತರಾನೇ. ನಾವು ಎರಡು ಸೆಕೆಂಡೂ ಕಾಯಲ್ಲ, ಅವಳಿಗೆ ಹತ್ತು ಸೆಕೆಂಡ್ ಬೇಕಾಗಬಹುದು. ಬಟ್ಟೆ ಬಣ್ಣ, ಹೇರ್‌ಕಟ್, ಯಾವ ಚಾನೆಲ್, ಯಾರ ಪಕ್ಕ ಕೂರಬೇಕು, ಎಲ್ಲಾ ಕೇಳಿ, ಕೇಳಿದ್ಮೇಲೆ ಅವಳು ಹೇಳಿದಂಗೇ ಮಾಡಿ, ಇಲ್ಲಾಂದ್ರೆ ಕೇಳಿ ಪ್ರಯೋಜನ ಇಲ್ಲ.

ಮದುವೆ ಮುಂಜಿಗೆ ಹೋಗೋವಾಗ ಮನೇಲಿ ಬಿಟ್ಟು ಹೋಗ್ಬೇಡಿ ದಯವಿಟ್ಟು. ಗಲಾಟೆ ತಡ್ಕೊಳ್ಳೋಕೆ ಆಗಲ್ಲ ಅಂದ್ರೆ ಊಟದ ಹೊತ್ತಿಗೆ ಕರ್ಕೊಂಡು ಹೋಗಿ ಬೇಗ ಬನ್ನಿ, ಆದ್ರೆ ಹೋಗಿ. "ಮದುವೆ ಮಾಡಿದ್ರೆ ಸರಿಹೋಗುತ್ತೆ" ಅನ್ನೋ ನೆಂಟರ ಮಾತಿಗೆ ಮಾತ್ರ ಕಿವಿ ಕೊಡ್ಬೇಡಿ, ಬೌದ್ಧಿಕ ವಿಕಲತೆ ಕಾಯಿಲೆ ಅಲ್ಲ, ಮದುವೆ ಔಷಧಿನೂ ಅಲ್ಲ.

ಇದ್ದಕ್ಕಿದ್ದಂಗೆ ಹಠ, ತಲೆ ಬಡ್ಕೊಳ್ಳೋದು, ಊಟ ಬಿಡೋದು ಶುರುವಾದ್ರೆ ಬೈಯೋಕೆ ಮುಂಚೆ ಬಾಯಿ ತೆರೆಸಿ ಹಲ್ಲು ನೋಡಿ, ಕಿವಿ ನೋಡಿ, ಮಲಬದ್ಧತೆ ಇದ್ಯಾ ವಿಚಾರಿಸಿ, ನೋವು ಅಂತ ಹೇಳೋಕೆ ಬರ್ದೆ ಇರೋರು ಹಿಂಗೇ ಹೇಳೋದು. ಡೌನ್ ಸಿಂಡ್ರೋಮ್ (ಒಂದು ಕ್ರೋಮೋಸೋಮ್ ಹೆಚ್ಚಿಗೆ ಇದ್ದು ಹುಟ್ಟಿನಿಂದ್ಲೇ ಬರೋ ಸ್ಥಿತಿ) ಇದ್ರೆ ಥೈರಾಯ್ಡ್ ಟೆಸ್ಟ್ ವರ್ಷಕ್ಕೊಂದು ಸಲ ಮಾಡಿಸ್ಲೇಬೇಕು, ಥೈರಾಯ್ಡ್ ಕಮ್ಮಿಯಾಗಿ ಮಂಕಾಗಿರೋದನ್ನ "ಅವನು ಇರೋದೇ ಹಾಗೆ" ಅಂದ್ಕೊಂಡು ಬಿಟ್ಬಿಡ್ತಾರೆ.

ಹೆಣ್ಣುಮಗು ದೊಡ್ಡವಳಾಗೋಕೆ ಮುಂಚೇನೇ ಪ್ಯಾಡ್ ಹಾಕೋದನ್ನ ಅಮ್ಮನೋ ಅಕ್ಕನೋ ತೋರಿಸಿ ಅಭ್ಯಾಸ ಮಾಡಿಸಿ, ಒಳಉಡುಪಿನ ಮೇಲೆ ಪ್ಯಾಡ್ ಕೂರೋ ಜಾಗಕ್ಕೆ ಮಾರ್ಕರಲ್ಲಿ ಗೆರೆ ಹಾಕಿದ್ರೆ ತುಂಬ ಸುಲಭ. ಮುಟ್ಟಿನ ಕಷ್ಟ ಬೇಡ, ಗರ್ಭಕೋಶ ತೆಗೆಸಿಬಿಡಿ ಅನ್ನೋರಿರ್ತಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಮಕ್ಕಳಾಗದಂತೆ ಮಾಡೋ ಚಿಕಿತ್ಸೆಗೆ ಅವಳ ಒಪ್ಪಿಗೇನೇ ಬೇಕು. ಗಂಡಾಗ್ಲಿ ಹೆಣ್ಣಾಗ್ಲಿ, ಯಾರು ಎಲ್ಲಿ ಮುಟ್ಟಬಾರದು, ಬೇಡ ಅಂತ ಜೋರಾಗಿ ಹೇಳೋದು ಹೇಗೆ ಅಂತ ಮತ್ತೆ ಮತ್ತೆ ಹೇಳಿಕೊಡಿ. ಹೇಳಿದ್ದೆಲ್ಲಾ ಕೇಳೋ "ಒಳ್ಳೆ ಮಗು" ಮಾಡೋಕೆ ಹೋದ್ರೆ ಕೆಟ್ಟವರ ಮಾತೂ ಕೇಳುತ್ತೆ.

ಕಾಗದಪತ್ರದ ವಿಷಯ ಬೇಗ ಹೇಳ್ತೀನಿ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ, ಹಳ್ಳಿ ಆದ್ರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಸಹಾಯ ಮಾಡ್ತಾರೆ. ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಕೊಡುತ್ತೆ, ಥೆರಪಿ ಖರ್ಚೂ ಸೇರುತ್ತೆ. 18 ತುಂಬಿದ್ಮೇಲೆ ಕಾನೂನಿನ ಲೆಕ್ಕದಲ್ಲಿ ಅಪ್ಪ ಅಮ್ಮ ತಾನಾಗೇ ಗಾರ್ಡಿಯನ್ ಆಗಿರಲ್ಲ, ಬೇಕಿದ್ರೆ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ ಅರ್ಜಿ ಹಾಕ್ಬೇಕು.

"ನಮ್ಮ ನಂತರ ಯಾರು" ಅನ್ನೋ ಚಿಂತೆಗೆ ತಂಗಿ ತಮ್ಮಂದಿರ ತಲೆ ಮೇಲೆ ಸುಮ್ನೆ ಹೊರಿಸ್ಬೇಡಿ, ಕೂರಿಸ್ಕೊಂಡು ಕೇಳಿ, ಅವರಿಗೆ ಎಷ್ಟು ಆಗುತ್ತೆ ಅಷ್ಟೇ ಒಪ್ಕೊಳ್ಳಿ. ನೀವು ಗಟ್ಟಿಯಾಗಿರೋವಾಗ್ಲೇ ಅತ್ತೆ ಮನೇಲೋ ಚಿಕ್ಕಪ್ಪನ ಮನೇಲೋ ಒಂದು ರಾತ್ರಿ ಉಳಿಸಿ ನೋಡಿ, ಆಮೇಲೆ ಎರಡು ರಾತ್ರಿ. ಜೊತೆಗೆ ಒಂದು ನೋಟ್‌ಬುಕ್ ಕಳಿಸಿ, ಯಾವ ಮಾತ್ರೆ ಎಷ್ಟೊತ್ತಿಗೆ, ಏನಂದ್ರೆ ಹೆದರ್ತಾಳೆ, ನಿದ್ದೆ ಬರೋಕೆ ಏನ್ ಬೇಕು, ಕೈ ಹಿಂಗೆ ಮಾಡಿದ್ರೆ ಟಾಯ್ಲೆಟ್ ಅಂತ ಅರ್ಥ, ಎಲ್ಲಾ ಬರೆದು. ವಾಪಸ್ ಬಂದಾಗ ಅವರು ಹೊಸದಾಗಿ ಗಮನಿಸಿದ್ದನ್ನೂ ಅದ್ರಲ್ಲೇ ಬರೆಸ್ಕೊಳ್ಳಿ.