ಇಬ್ಬರಿಗೂ ದೂರದ ಊರುಗಳಲ್ಲಿ ಕೆಲಸ: ಮನೆ ಎಲ್ಲಿ ಮಾಡಬೇಕು?

ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ಯಜಮಾನರ ಕೆಲಸ ಬೆಂಗಳೂರಿನಲ್ಲಿ. ಒಂಬತ್ತು ವರ್ಷಗಳಿಂದ ಹೀಗೇ ಸಂಸಾರ ನಡೆಸಿಕೊಂಡು ಬಂದಿರುವುದರಿಂದ ಹೊಸದಾಗಿ ಮದುವೆಯಾದ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ನೆಂಟರ ಮಕ್ಕಳು ನಮ್ಮನ್ನು ಕೇಳಿಕೊಂಡು ಬರುತ್ತಾರೆ. ಹೀಗೆ ಬರುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಯಾವುದೋ ಮನೆಗೆ ಮುಂಗಡ ಕೊಟ್ಟಾಗಿರುತ್ತದೆ, ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಸಹಿಯೂ ಬಿದ್ದಿರುತ್ತದೆ. ಮುಂಗಡ ಕೊಡುವ ಮೊದಲು ಮಾಡಬೇಕಾದ ಕೆಲಸಗಳನ್ನು, ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲು: ನಡುವಿನ ಊರಿನ ಯೋಚನೆಯನ್ನು ಬಿಡಿ

ಎಲ್ಲರೂ ಮಾಡುವ ತಪ್ಪು ಇದು. ನಕ್ಷೆಯ ಮೇಲೆ ಎರಡು ಊರುಗಳ ನಡುವೆ ಬೆರಳಿಟ್ಟು, ಅಲ್ಲಿ ಯಾವ ಊರು ಸಿಗುತ್ತದೆಯೋ ಅಲ್ಲಿ ಮನೆ ಮಾಡಿದರೆ ಇಬ್ಬರಿಗೂ ನ್ಯಾಯವಾಗುತ್ತದೆ ಎಂದು ತೋರುತ್ತದೆ. ನಾವೂ ಹಾಗೆಯೇ ಅಂದುಕೊಂಡು ದಾವಣಗೆರೆಯಲ್ಲಿ ಮನೆ ಹಿಡಿದಿದ್ದೆವು. ರೈಲಿನಲ್ಲಿ ದಾವಣಗೆರೆಯಿಂದ ಹುಬ್ಬಳ್ಳಿಗೆ ಸುಮಾರು 143 ಕಿ.ಮೀ., ಅಲ್ಲಿಂದ ಧಾರವಾಡಕ್ಕೆ ಇನ್ನೂ 20 ಕಿ.ಮೀ. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್ ಸಿಗುವುದು 150 ಕಿ.ಮೀ.ವರೆಗೆ ಮಾತ್ರ, ಹೀಗಾಗಿ ನನ್ನ ಪಾಸು ಹುಬ್ಬಳ್ಳಿಯಲ್ಲೇ ಮುಗಿಯುತ್ತಿತ್ತು, ಮುಂದಿನ ದಾರಿಗೆ ಚಿಗರಿ ಬಸ್ಸು ಹತ್ತಬೇಕಾಗುತ್ತಿತ್ತು. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ, ವಾರಕ್ಕೆ ಆರು ದಿನ. ಯಜಮಾನರಿಗಾದರೂ ಇದರಿಂದ ಅನುಕೂಲವಾಯಿತೇ ಎಂದರೆ ಅದೂ ಇಲ್ಲ: ಬೆಂಗಳೂರನ್ನು ರಾತ್ರಿ 11ರ ಸುಮಾರಿಗೆ ಬಿಡುವ ರೈಲು ದಾವಣಗೆರೆ ಮುಟ್ಟುವುದು ಬೆಳಗಿನ ಜಾವ ಮೂರರಿಂದ ನಾಲ್ಕು ಗಂಟೆಯ ಒಳಗೆ. ಎಲ್ಲಿ ಊರು ದಾಟಿಹೋಗುತ್ತದೆಯೋ ಎಂಬ ಆತಂಕದಲ್ಲಿ ಎರಡು ಗಂಟೆಯಿಂದಲೇ ಎದ್ದು ಕೂತಿರುತ್ತಿದ್ದರು. ರಾತ್ರಿ ಹೊರಡುವ ರೈಲು ಮತ್ತು ಬಸ್ಸುಗಳ ವೇಳಾಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರ ನಿದ್ದೆಗೆ ಹೊಂದಿಸಿ ಮಾಡಿರುತ್ತಾರೆ. ನಡುವೆ ಇಳಿಯುವವರ ನಿದ್ದೆಗೆ ಅದು ಹೊಂದುವುದಿಲ್ಲ. ಆ ಮನೆಯಲ್ಲಿ ನಾವು ಹನ್ನೊಂದು ತಿಂಗಳು ಇದ್ದೆವು. ಇಬ್ಬರೂ ಪ್ರಯಾಣಿಕರಾದೆವೇ ಹೊರತು, ಇಬ್ಬರಲ್ಲಿ ಒಬ್ಬರಿಗೂ ಅದು ಮನೆಯಾಗಲಿಲ್ಲ.

ಎರಡು ಊರುಗಳ ನಡುವಿನ ಒಟ್ಟು ದೂರವೇ 150 ಕಿ.ಮೀ.ಗಿಂತ ಕಡಿಮೆಯಿದ್ದಾಗ ಮಾತ್ರ ನಡುವಿನ ಊರು ನಡೆಯುತ್ತದೆ. ಬೆಂಗಳೂರು–ಮೈಸೂರಿನ ನಡುವೆ ದಿನವೂ ಓಡಾಡುವ ಸಾವಿರಾರು ಜನರಿದ್ದಾರೆ, ಅವರಿಗೆ ಹೊಂದುವ ರೈಲುಗಳೂ ಇವೆ; ಅಂಥವರು ಮಂಡ್ಯದಲ್ಲೋ ರಾಮನಗರದಲ್ಲೋ ಮನೆ ಮಾಡಿದರೆ ನನ್ನ ಆಕ್ಷೇಪವಿಲ್ಲ. ಅದಕ್ಕಿಂತ ದೂರವಿದ್ದರೆ ಎರಡು ಊರುಗಳಲ್ಲಿ ಒಂದನ್ನು ಮನೆಯ ಊರು ಎಂದು ಗೊತ್ತುಮಾಡಿಕೊಂಡು, ಇನ್ನೊಂದರಲ್ಲಿ ಚಿಕ್ಕ ವಸತಿಯನ್ನು ಇಟ್ಟುಕೊಳ್ಳಬೇಕು.

ಎರಡನೆಯದು: ಯಾರ ಕೆಲಸ ಕದಲುತ್ತದೆ, ಯಾರದು ಕದಲುವುದಿಲ್ಲ

ಸಂಬಳ ಯಾರಿಗೆ ಹೆಚ್ಚು ಎಂಬುದರಿಂದ ಈ ಮಾತನ್ನು ಆರಂಭಿಸಬೇಡಿ. ಹಾಗೆ ಆರಂಭಿಸಿದ ಮನೆಗಳಲ್ಲೆಲ್ಲ ಕೊನೆಗೆ ಹೆಣ್ಣುಮಗಳೇ ರಾಜೀನಾಮೆ ಕೊಟ್ಟಿದ್ದನ್ನು ನೋಡಿದ್ದೇನೆ. ಐದು ವರ್ಷದ ಮೇಲೆ ಮರಳಿ ಕೆಲಸ ಹುಡುಕುವಾಗ ಅವರು ಪಡುವ ಕಷ್ಟವನ್ನೂ ನೋಡಿದ್ದೇನೆ. ಕೇಳಬೇಕಾದ್ದು ಇಷ್ಟು: ಮುಂದಿನ ಮೂರು ವರ್ಷಗಳಲ್ಲಿ ಯಾರ ಕೆಲಸಕ್ಕೆ ಊರು ಬದಲಾಯಿಸುವ ದಾರಿಯಿದೆ?

ಸರ್ಕಾರಿ ಶಾಲೆಯ ಶಿಕ್ಷಕರಿಗೆ 2020ರ ವರ್ಗಾವಣೆ ನಿಯಂತ್ರಣ ಕಾಯ್ದೆಯ ಪ್ರಕಾರ ಕೌನ್ಸೆಲಿಂಗ್ ಮೂಲಕ ವರ್ಗಾವಣೆ ನಡೆಯುತ್ತದೆ, ಅದರಲ್ಲಿ ಪತಿ-ಪತ್ನಿ ಪ್ರಕರಣಗಳಿಗೆ ಅವಕಾಶವಿದೆ. ಕೇಂದ್ರ ಸರ್ಕಾರಿ ನೌಕರ ದಂಪತಿಗಳನ್ನು ಆದಷ್ಟೂ ಒಂದೇ ಸ್ಥಳದಲ್ಲಿ ನಿಯೋಜಿಸಬೇಕೆಂಬ ಸೂಚನೆ 2009ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗೆ ಆಯ್ಕೆಯಾದವರು ಬೆಂಗಳೂರಿಗೆ ವರ್ಗವಾಗುತ್ತದೆ ಎಂಬ ಭರವಸೆಯ ಮೇಲೆ ಮನೆ ಹುಡುಕಬಾರದು. ನಿಮ್ಮ ವೃಂದದ ನಿಯಮವನ್ನು ಇಲಾಖೆಯಲ್ಲಿ ಕೇಳಿ ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಿ. ಅನುದಾನಿತ ಅಥವಾ ಖಾಸಗಿ ಕಾಲೇಜಿನವರಿಗೆ, ನನ್ನ ಹಾಗೆ, ಊರು ಬದಲಾಯಿಸುವ ದಾರಿ ಬಹಳ ಕಿರಿದು.

ಸಾಫ್ಟ್‌ವೇರ್ ಕೆಲಸದವರು "ನಮಗೆ ಮನೆಯಿಂದಲೇ ಕೆಲಸ ಮಾಡಲು ಬಿಡುತ್ತಾರೆ" ಎಂದು ಧೈರ್ಯವಾಗಿ ಹೇಳುತ್ತಾರೆ. ಆ ಮಾತನ್ನು ಮ್ಯಾನೇಜರ್ ಬಾಯಿಂದ ಕೇಳಿದರೆ ಸಾಲದು. ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು, ಆ ದಿನಗಳು ಒಟ್ಟಿಗೆ ಬರುತ್ತವೆಯೇ ಅಥವಾ ಚೆದುರಿರುತ್ತವೆಯೇ ಎಂಬುದನ್ನು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಮಂಗಳವಾರ, ಬುಧವಾರ, ಗುರುವಾರ ಕಚೇರಿಯಾದರೆ ಉಳಿದ ನಾಲ್ಕು ದಿನ ಮನೆಯಲ್ಲಿರಬಹುದು. ಸೋಮವಾರ, ಬುಧವಾರ, ಶುಕ್ರವಾರ ಎಂದಾದರೆ ದಿನಗಳು ಮೂರೇ ಆದರೂ ವಾರವಿಡೀ ಬೆಂಗಳೂರಿನಲ್ಲೇ ಕಳೆಯುತ್ತದೆ.

ಮೂರನೆಯದು: ಪ್ರಯಾಣದ ಲೆಕ್ಕ ಬರೆಯುವುದು

ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಒಂದು ನೋಟ್‌ಬುಕ್ ತೆಗೆದುಕೊಂಡು, ನಿಮ್ಮ ಮನಸ್ಸಿನಲ್ಲಿರುವ ಪ್ರತಿಯೊಂದು ಊರಿಗೂ ಒಂದೊಂದು ಪುಟ ಬಿಡಿ. ಪುಟದಲ್ಲಿ ಮೂರು ಅಂಕಣಗಳಿರಲಿ. ಮೊದಲನೆಯದು ಬಾಗಿಲಿನಿಂದ ಬಾಗಿಲಿಗೆ ಹಿಡಿಯುವ ಗಂಟೆಗಳು, ಎರಡನೆಯದು ಆ ರಾತ್ರಿ ಸಿಕ್ಕ ನಿದ್ದೆ, ಮೂರನೆಯದು ವಾರದಲ್ಲಿ ಇಬ್ಬರೂ ಒಟ್ಟಿಗೆ ಎಚ್ಚರವಾಗಿದ್ದ ಗಂಟೆಗಳು. ಮೊದಲ ಅಂಕಣವನ್ನು ತುಂಬುವಾಗ ರೈಲಿನ ವೇಳಾಪಟ್ಟಿಯನ್ನು ನಕಲು ಮಾಡಬೇಡಿ. ಕಚೇರಿಯ ಕುರ್ಚಿಯಿಂದ ಏಳುವ ಗಳಿಗೆಯಿಂದ ಲೆಕ್ಕ ಹಿಡಿಯಿರಿ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವರಿಗೆ ಮೆಜೆಸ್ಟಿಕ್‌ಗೆ ಬರಲು ಮೆಟ್ರೋದಲ್ಲೇ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ಬರುವುದು ಸಾಧ್ಯವಾಗಿದೆ. ಅದಕ್ಕೂ ಹಿಂದೆ ಹಾಕಿದ್ದ ಲೆಕ್ಕವನ್ನು ಯಾರಾದರೂ ಹೇಳಿದರೆ ನಂಬಬೇಡಿ, ಹೊಸದಾಗಿ ಹಾಕಿ.

ನಮ್ಮ ಪುಟಗಳು ಹೀಗಿದ್ದವು. ಧಾರವಾಡದಲ್ಲಿ ಮನೆಯಿದ್ದರೆ, ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ಯಜಮಾನರು ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಮನೆಯಲ್ಲಿರುತ್ತಾರೆ, ರೈಲಿನಲ್ಲಿ ಆರು ಗಂಟೆ ನಿದ್ದೆಯಾಗಿರುತ್ತದೆ. ಶನಿವಾರ ನನಗೆ ಅರ್ಧ ದಿನ ಕಾಲೇಜು. ಭಾನುವಾರ ರಾತ್ರಿ ಅವರು ಮತ್ತೆ ಹೊರಡುತ್ತಾರೆ. ಒಟ್ಟಿಗೆ ಎಚ್ಚರವಾಗಿದ್ದ ಹೊತ್ತು 22 ಗಂಟೆ. ದಾವಣಗೆರೆಯ ಪುಟದಲ್ಲಿ ಅದು 19 ಗಂಟೆ, ನಿದ್ದೆ ಮೂರೇ ಗಂಟೆ, ಅದರ ಮೇಲೆ ನನ್ನ 36 ಗಂಟೆಗಳ ಪ್ರಯಾಣ. ದೂರ ಕಡಿಮೆಯಾದ ಊರಿನಲ್ಲಿ ಜೊತೆಯಲ್ಲಿರುವ ಸಮಯವೂ ಕಡಿಮೆಯಾಗಿತ್ತು! ಲೆಕ್ಕ ಬರೆಯದೇ ಇದ್ದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ. ಮೂರನೆಯ ಅಂಕಣದ ಸಂಖ್ಯೆಯೇ ಊರನ್ನು ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೇಗದ ರೈಲು ಬಂದಿದೆ ಎಂಬ ಸುದ್ದಿಗೆ ಮನೆ ಬದಲಾಯಿಸಬೇಡಿ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಆರಂಭವಾದಾಗ ನಮಗೂ ಬಹಳ ಸಂತೋಷವಾಯಿತು. ಆದರೆ ಅದು ಬೆಳಗಿನ ಜಾವ ಬೆಂಗಳೂರು ಬಿಟ್ಟು ಮಧ್ಯಾಹ್ನಕ್ಕೆ ಧಾರವಾಡ ತಲುಪುವ ರೈಲು. ಶುಕ್ರವಾರ ಸಂಜೆಯವರೆಗೆ ದುಡಿಯುವವರ ಶನಿವಾರದಲ್ಲಿ ಅರ್ಧವನ್ನು ಅದು ತಿನ್ನುತ್ತದೆ. ವಾರಕ್ಕೊಮ್ಮೆ ಬರುವವರು ರೈಲು ಎಷ್ಟು ಗಂಟೆಯಲ್ಲಿ ಮುಟ್ಟಿಸುತ್ತದೆ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಹೊರಡುತ್ತದೆ ಎಂಬುದನ್ನು ನೋಡಬೇಕು. ವಿಮಾನದ ವಿಚಾರವೂ ಹೀಗೆಯೇ. ಹುಬ್ಬಳ್ಳಿಗೆ ಹಾರುವುದು ಸುಮಾರು ಒಂದು ಗಂಟೆಯ ದಾರಿಯಾದರೂ, ನಗರದಿಂದ ದೇವನಹಳ್ಳಿಯ ನಿಲ್ದಾಣ ಮುಟ್ಟುವುದು, ಅಲ್ಲಿ ಕಾಯುವುದು ಎಲ್ಲ ಸೇರಿದರೆ ಐದು ಗಂಟೆ ದಾಟುತ್ತದೆ. ಚಿಕ್ಕ ಊರುಗಳ ವಿಮಾನ ಇಂದು ಇದ್ದು ಮುಂದಿನ ಋತುವಿನಲ್ಲಿ ನಿಂತುಹೋಗುವುದೂ ಉಂಟು.

ಬರುವ ದಾರಿಯಷ್ಟೇ ಹೋಗುವ ದಾರಿಯೂ ಮುಖ್ಯ. ಸೋಮವಾರ ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದವರು ಮೊದಲೆಲ್ಲ ಆಟೋದವರ ಜೊತೆ ಚೌಕಾಸಿ ಮಾಡುತ್ತಾ ನಿಲ್ಲಬೇಕಾಗಿತ್ತು. 2025ರ ಜನವರಿಯಿಂದ ಸೋಮವಾರಗಳಂದು ನಮ್ಮ ಮೆಟ್ರೋ 4.15ಕ್ಕೇ ಓಡಲು ಆರಂಭಿಸಿದ್ದು ಇಂಥ ಸಂಸಾರಗಳಿಗೆ ಆಗಿರುವ ದೊಡ್ಡ ಉಪಕಾರ. ಹೆಣ್ಣುಮಕ್ಕಳು ಓಡಾಡುವವರಾದರೆ ಶಕ್ತಿ ಯೋಜನೆಯಿಂದ ಖರ್ಚೇ ಇಲ್ಲ ಎಂದು ಬರೆದುಕೊಳ್ಳುವುದನ್ನೂ ನೋಡಿದ್ದೇನೆ. ಆ ಸೌಲಭ್ಯ ಸಾಮಾನ್ಯ ಬಸ್ಸುಗಳಿಗೆ ಸೇರಿದ್ದು. ರಾತ್ರಿ ಪ್ರಯಾಣಕ್ಕೆ ಬೇಕಾಗುವ ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಟಿಕೆಟ್ ಕೊಳ್ಳಲೇಬೇಕು.

ಕೊನೆಯದಾಗಿ, ನೋಟ್‌ಬುಕ್ಕಿನಲ್ಲಿ ಒಂದು ಕೆಟ್ಟ ವಾರವನ್ನೂ ಸೇರಿಸಿ. ಮಂಗಳೂರು–ಬೆಂಗಳೂರಿನ ನಡುವೆ ಸಂಸಾರ ಮಾಡುವವರು ಜುಲೈ ತಿಂಗಳನ್ನು ನೋಡದೆ ಲೆಕ್ಕ ಮುಗಿಸಬಾರದು. ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ರೈಲು ಮಾರ್ಗವೂ ಹಾದುಹೋಗುವುದು ಒಂದೇ ಪಶ್ಚಿಮ ಘಟ್ಟವನ್ನು. 2024ರ ಜುಲೈ ಕೊನೆಯಲ್ಲಿ ಯಡಕುಮರಿಯ ಬಳಿ ಭೂಕುಸಿತವಾಗಿ ಹಲವು ದಿನ ರೈಲು ನಿಂತಿತ್ತು. ನಮ್ಮ ಕಡೆಯವರಿಗೆ ಮಳೆಯ ಕಾಟ ಅಷ್ಟಿಲ್ಲ, ಹಬ್ಬದ ಕಾಟವಿದೆ. ಗಣೇಶ ಚೌತಿ, ದೀಪಾವಳಿಯ ಹಿಂದಿನ ದಿನ ಖಾಸಗಿ ಬಸ್ಸಿನ ದರ ಮನಬಂದಂತೆ ಏರುತ್ತದೆ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನಗಳಿಗೆ ಇಳಿದಿರುವುದರಿಂದ, ಪಂಚಾಂಗದಲ್ಲಿ ಹಬ್ಬಕ್ಕೆ ಹೊರಡುವ ದಿನದಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿಟ್ಟುಕೊಳ್ಳಿ. ತತ್ಕಾಲ್ ಇದೆಯಲ್ಲ ಎಂದು ಕೂರುವುದು ಸುಲಭದ ದಾರಿ. ವರ್ಷದಲ್ಲಿ ನಾಲ್ಕೈದು ಬಾರಿ ಅದು ಕೈಕೊಡುತ್ತದೆ, ಕೈಕೊಡುವುದು ಹಬ್ಬದ ದಿನಗಳಲ್ಲಿಯೇ.

ನಾಲ್ಕನೆಯದು: ಮಗು ಮತ್ತು ಹಿರಿಯರು ಎಲ್ಲಿರುತ್ತಾರೆ

ಮಗುವಿದ್ದರೆ, ಅಥವಾ ಸದ್ಯದಲ್ಲಿ ಬೇಕೆಂದಿದ್ದರೆ, ಅಜ್ಜಿ-ತಾತ, ಅತ್ತೆ-ಮಾವ ಅಥವಾ ನಂಬಿಕೆಯ ನೆರೆಮನೆ ಇರುವ ಊರೇ ಮನೆಯ ಊರಾಗಬೇಕು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಇದೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕೆಂಬ ನಿಯಮವೂ ಇದೆ. ಆದರೆ ಇಪ್ಪತ್ತೇಳನೆಯ ವಾರದಲ್ಲಿ ಮಗುವಿಗೆ ಜ್ವರ ಬಂದಾಗ, ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಆಗುವ ಪಾಡನ್ನು ಯಾವ ನಿಯಮವೂ ನೀಗುವುದಿಲ್ಲ. ಮೂರನೆಯ ಹಂತದ ಲೆಕ್ಕ ಒಂದು ಊರನ್ನು ತೋರಿಸಿ, ಈ ಹಂತ ಇನ್ನೊಂದನ್ನು ತೋರಿಸಿದರೆ, ಮಗು ಐದು ವರ್ಷದ್ದಾಗುವವರೆಗೆ ಇದೇ ಮೇಲು.

ಐದನೆಯದು: ಎರಡನೆಯ ವಸತಿ

ಇದು ಚಿಕ್ಕದಾಗಿರಲಿ, ರೈಲು ನಿಲ್ದಾಣಕ್ಕೋ ಮೆಟ್ರೋಗೋ ನಡೆದು ಹೋಗುವಷ್ಟು ಹತ್ತಿರವಿರಲಿ. ಕಚೇರಿಗೆ ಹತ್ತಿರ ಎಂದು ನಿಲ್ದಾಣದಿಂದ ದೂರದಲ್ಲಿ ಹಿಡಿದವರು ಶುಕ್ರವಾರ ಸಂಜೆಯ ವಾಹನ ದಟ್ಟಣೆಯಲ್ಲಿ ರೈಲು ತಪ್ಪಿಸಿಕೊಂಡು ಕೂರುತ್ತಾರೆ. ಅಡುಗೆಗೆ ಅವಕಾಶವಿರುವ ಒಂದು ಕೋಣೆ ಪಿಜಿಗಿಂತ ಒಳ್ಳೆಯದು. ವರ್ಷಗಟ್ಟಲೆ ಪಿಜಿ ಊಟ ಮಾಡಿದವರ ಹೊಟ್ಟೆಯ ತೊಂದರೆ ನನಗೆ ಗೊತ್ತು. ಕೋ-ಲಿವಿಂಗ್ ಎಂಬ ಹೆಸರಿನ ಹೊಸ ವಸತಿಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಆರು ತಿಂಗಳ ಲಾಕ್-ಇನ್ ಹಾಕಿಸಿಕೊಂಡು, ನಡುವೆ ಬಿಟ್ಟರೆ ಠೇವಣಿ ಹಿಡಿದುಕೊಳ್ಳುವ ಒಂದು ಕಡೆ ನಮ್ಮ ಹಣವೂ ಹೋಗಿದೆ. ಲಕ್ಷಾಂತರ ರೂಪಾಯಿ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಲೀಸ್ ಮನೆಯನ್ನು ಮಾಲೀಕರ ಮುಖ ನೋಡದೆ, ಮಧ್ಯವರ್ತಿ ಕಂಪನಿಯ ಮೂಲಕ ಎಂದಿಗೂ ಹಿಡಿಯಬೇಡಿ. ಮೊದಲ ಎರಡು ವರ್ಷ ಯಾವ ಊರಿನಲ್ಲೂ ಮನೆ ಕೊಳ್ಳಲೂ ಬೇಡಿ. ಗೃಹಸಾಲದ ಕಂತು ಊರನ್ನು ಬದಲಾಯಿಸಲು ಬಿಡುವುದಿಲ್ಲ.

ಆರನೆಯದು: ತೆರಿಗೆ

ಎರಡು ಬಾಡಿಗೆ ಕಟ್ಟುವವರು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ ಎಂಬುದನ್ನು ಗಮನಿಸಿ, ಇಬ್ಬರಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿಸಬೇಕು. ಒಬ್ಬೊಬ್ಬರ ವಸತಿಯ ಕರಾರು ಅವರವರ ಹೆಸರಿನಲ್ಲೇ ಇರಲಿ.

ಏಳನೆಯದು: ಮೂರು ತಿಂಗಳ ಪರೀಕ್ಷೆ

ಗೊತ್ತುಮಾಡಿದ ಊರಿನಲ್ಲಿ ಪೂರ್ತಿ ಸಾಮಾನು ಸಾಗಿಸದೆ ಮೂರು ತಿಂಗಳು ಇದ್ದು ನೋಡಿ; ಅದರೊಳಗೆ ಒಂದು ದೊಡ್ಡ ಹಬ್ಬ ಬರುವಂತಿರಲಿ. ಈ ಅವಧಿಯಲ್ಲಿಯೂ ನೋಟ್‌ಬುಕ್ಕಿನ ಮೂರೂ ಅಂಕಣಗಳನ್ನು ಇಬ್ಬರೂ ಬೇರೆ ಬೇರೆಯಾಗಿ ತುಂಬಿ, ತಿಂಗಳ ಕೊನೆಯ ಭಾನುವಾರ ಜೊತೆಯಲ್ಲಿ ಕೂತು ಓದಿಕೊಳ್ಳಿ. ಅನಿಲ ಸಂಪರ್ಕ, ಆಧಾರ್ ವಿಳಾಸ, ಬ್ಯಾಂಕಿನ ಶಾಖೆ ಇವುಗಳ ಬದಲಾವಣೆಯನ್ನೆಲ್ಲ ಪರೀಕ್ಷೆ ಮುಗಿದ ಮೇಲೆ ಮಾಡಿದರೆ ಸಾಕು. ಆಮೇಲೆ ಪ್ರತಿ ವರ್ಷ ಫೆಬ್ರವರಿಯಲ್ಲಿ, ಅಂದರೆ ಶಾಲೆಗಳ ದಾಖಲಾತಿಗೂ ಶಿಕ್ಷಕರ ವರ್ಗಾವಣೆಗೂ ಬಹಳ ಮೊದಲೇ, ಅದೇ ನೋಟ್‌ಬುಕ್ಕನ್ನು ಮತ್ತೆ ತೆರೆಯಬೇಕು. ನಾವು ಈ ವರ್ಷವೂ ತೆರೆದೆವು. ಮಗಳು ಈಗ ಎರಡನೆಯ ತರಗತಿ, ಮನೆ ಧಾರವಾಡದಲ್ಲೇ ಉಳಿದಿದೆ, ಯಶವಂತಪುರದ ಕೋಣೆಯ ಕರಾರನ್ನು ಇನ್ನು ಹನ್ನೊಂದು ತಿಂಗಳಿಗೆ ಮುಂದುವರಿಸಿದ್ದೇವೆ.